ಒಂದೇ ಹುಡುಗ, ಎರಡು ಕಾಗದ

ಅಕ್ಕ ಇರೋದು ಟೆಕ್ಸಾಸ್‌ನಲ್ಲಿ. ಅವಳ ಮಗನಿಗೆ ಒಂಬತ್ತು ವರ್ಷ. ಹೋದ ವರ್ಷ ಅವನ ಶಾಲೆಯಿಂದ ಹೆಚ್ಚುಕಡಿಮೆ ಒಟ್ಟಿಗೇ ಎರಡು ಕಾಗದ ಬಂದವು. ಹುಡುಗ ಲೆಕ್ಕದಲ್ಲಿ ತುಂಬಾ ಮುಂದಿದ್ದಾನೆ, ಅವನಿಗೆ ಬೇರೆ ಮಟ್ಟದ ಪಾಠ ಬೇಕು ಅಂತ ಒಂದು. ಹುಡುಗನಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದೋದೇ ಕಷ್ಟವಾಗುವ ತೊಂದರೆ ಇದೆ, ಓದು ಕಲಿಯೋದಕ್ಕೆ ವಿಶೇಷ ಸಹಾಯ ಬೇಕು ಅಂತ ಇನ್ನೊಂದು. ಅಮ್ಮ ಮೊದಲನೆಯ ಸುದ್ದಿಯನ್ನು ಮೈಸೂರಿನ ಸರಸ್ವತಿಪುರಂನ ನಮ್ಮ ಬೀದಿಗೆಲ್ಲ ಹಂಚಿದರು. ಹಾಲು ಹಾಕುವವನಿಗೂ ಗೊತ್ತಾಯಿತು. ಎರಡನೆಯ ಸುದ್ದಿ ಇವತ್ತಿಗೂ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿಲ್ಲ. ಫೋನಿನಲ್ಲಿ ಮಾತ್ರ ಅಕ್ಕನಿಗೆ ಒಂದೇ ಸಮನೆ ಹೇಳುತ್ತಿದ್ದರು, "ಅಷ್ಟು ಲೆಕ್ಕ ಮಾಡೋ ಹುಡುಗನಿಗೆ ಓದೋಕೆ ಬರಲ್ಲ ಅಂದ್ರೆ ಯಾರಾದ್ರೂ ನಂಬ್ತಾರೇನೇ? ಪಕ್ಕದಲ್ಲಿ ಕೂರಿಸ್ಕೊಂಡು ನಾಲ್ಕು ಸಲ ಗದರಿಸು, ತಾನಾಗೇ ಓದ್ತಾನೆ." ಅಕ್ಕ ನಕ್ಕಳು. "ಇಲ್ಲಿ ಗದರಿಸಿದ್ರೆ ನನ್ನನ್ನೇ ಕೂರಿಸ್ತಾರಮ್ಮ."

ಅಮ್ಮನ ಮಾತನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕೋದು ಸುಲಭ. ಆದರೆ ನಾನು ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳು ಬರುತ್ತಾರೆ. ಅವರನ್ನು ಬಿಡೋಕೆ ಬರುವ ಅಪ್ಪ ಅಮ್ಮಂದಿರು ಬಹಳಷ್ಟು ಜನ ಇಂಜಿನಿಯರುಗಳು, ಬ್ಯಾಂಕಿನವರು, ಡಾಕ್ಟರುಗಳು. ಅವರೂ ಹೇಳೋದು ಅಮ್ಮ ಹೇಳಿದ್ದನ್ನೇ. "ಇವನು ಹುಷಾರೇ ಮಿಸ್, ಮನಸ್ಸಿಟ್ಟು ಓದಲ್ಲ ಅಷ್ಟೇ." ನಮ್ಮಲ್ಲಿ ಮಗು ಒಂದೋ ಜಾಣ, ಇಲ್ಲವೋ ದಡ್ಡ. ಎರಡಕ್ಕೂ ಹೊಂದದೆ ಇದ್ದರೆ ಸೋಂಬೇರಿ. ಒಂದೇ ಹುಡುಗ ಒಂದು ಕಡೆ ಕ್ಲಾಸಿಗಿಂತ ಎರಡು ವರ್ಷ ಮುಂದೆ, ಇನ್ನೊಂದು ಕಡೆ ಎರಡು ವರ್ಷ ಹಿಂದೆ ಇರಬಹುದು ಅನ್ನೋದಕ್ಕೆ ನಮ್ಮ ಲೆಕ್ಕದಲ್ಲಿ ಜಾಗವೇ ಇಲ್ಲ.

ಹದ ನೋಡುತ್ತಿದ್ದ ಸಿದ್ದ

ನಾನು ಓದಿದ್ದು ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ನಿಜವಾದ ಹೆಸರು ಬೇಡ, ಸಿದ್ದ ಅಂದುಕೊಳ್ಳಿ. ಅವರಪ್ಪ ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಕಬ್ಬು ಅರೆಯುವ ಕಾಲ ಬಂತು ಅಂದರೆ ಶಾಲೆ ಬಿಟ್ಟ ಮೇಲೆ ನಾವೆಲ್ಲ ಅಲ್ಲೇ. ಬಿಸಿ ಬೆಲ್ಲದ ಆಸೆಗೆ ಹೋಗುತ್ತಿದ್ದೆವು, ಸಿದ್ದ ಕೆಲಸಕ್ಕೆ ನಿಲ್ಲುತ್ತಿದ್ದ.

ಬೆಲ್ಲ ಕಾಯಿಸೋದು ನೋಡಿದವರಿಗೆ ಗೊತ್ತು, ಪೂರ್ತಿ ಆಟ ಇರೋದು ಕೊನೆಯ ಕೆಲವು ನಿಮಿಷಗಳಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಸುಣ್ಣದ ನೀರು ಬಿದ್ದ ಮೇಲೆ ಮಡ್ಡಿ ಮೇಲಕ್ಕೆ ಬರುತ್ತದೆ, ಅದನ್ನು ತೆಗೀತಾ ಇರಬೇಕು. ಆಮೇಲೆ ನೊರೆಯ ಬಣ್ಣ ಬದಲಾಗುತ್ತದೆ. ಸಣ್ಣ ಸಣ್ಣ ಗುಳ್ಳೆ ಹೋಗಿ, ದಪ್ಪ ಗುಳ್ಳೆ ಎದ್ದು ನಿಧಾನವಾಗಿ ಒಡೆಯೋಕೆ ಶುರುವಾಗುತ್ತದೆ. ಆಗ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗಲ್ಲ. ತಡವಾದರೆ ಕಪ್ಪಗೆ, ಕಹಿ. ಸಿದ್ದ ನೀರಿಗೆ ಬಿಡೋ ಮೊದಲೇ ಹೇಳುತ್ತಿದ್ದ. ಗುಳ್ಳೆ ಒಡೆಯೋ ಸದ್ದು ಕೇಳಿ "ಬಂತು ಕಣಣ್ಣ, ಇಳ್ಸು" ಅನ್ನುತ್ತಿದ್ದ. ಐದನೇ ಕ್ಲಾಸಿನ ಹುಡುಗನ ಮಾತಿಗೆ ದೊಡ್ಡವರು ಉರಿ ಕಡಿಮೆ ಮಾಡುತ್ತಿದ್ದರು. ಒಂದು ಕೊಪ್ಪರಿಗೆ ಹಾಳಾದರೆ ಆಗುವ ನಷ್ಟ ಸಣ್ಣದಲ್ಲ. ಅವನ ಮಾತಿಗೆ ಅಷ್ಟು ಬೆಲೆ ಇತ್ತು.

ಮಾರನೇ ದಿನ ಅದೇ ಸಿದ್ದ ಕ್ಲಾಸಿನಲ್ಲಿ ಎದ್ದು ನಿಂತು ‘ಸೂರ್ಯ’ ಅನ್ನೋದನ್ನು ‘ಸೂಯರ’ ಅಂತ ಓದುತ್ತಿದ್ದ. ಕ್ಲಾಸೆಲ್ಲ ನಗು. ಈಗ ಯೋಚಿಸಿದರೆ ಅವನು ಓದಿದ್ದರಲ್ಲಿ ಒಂದು ನ್ಯಾಯ ಇತ್ತು. ನಾವು ಬಾಯಲ್ಲಿ ಮೊದಲು ‘ರ್’ ಅನ್ನುತ್ತೇವೆ, ಆಮೇಲೆ ‘ಯ’. ಬರೆಯುವಾಗ ಮೊದಲು ‘ಯ’ ಬರೆದು ಅದರ ಮುಂದೆ ಅರ್ಕಾವತ್ತು ಹಾಕುತ್ತೇವೆ. ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದ ಮಗು ಕಲಿಯಬೇಕಾದ ಗುರುತುಗಳು ನೂರಾರು. ಕನ್ನಡದ ಮಕ್ಕಳ ಓದಿನ ಬಗ್ಗೆ ನಡೆದಿರುವ ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ಇಪ್ಪತ್ತಾರು ಅಕ್ಷರದ ಭಾಷೆಯ ಹಾಗೆ ಇಲ್ಲಿ ಒಂದೆರಡು ವರ್ಷದಲ್ಲಿ ಅಕ್ಷರ ಮುಗಿಯಲ್ಲ, ನಾಲ್ಕನೇ ಕ್ಲಾಸಿನವರೆಗೂ ಕಲಿಕೆ ನಡೀತಾನೇ ಇರುತ್ತದೆ. ಹಾಗಾಗಿ ಎರಡನೇ ಕ್ಲಾಸಿನ ಮಗುವನ್ನು ದಡ್ಡ ಅನ್ನೋದೂ ಆತುರ, ಡಿಸ್ಲೆಕ್ಸಿಯಾ ಅನ್ನೋದೂ ಆತುರ. ಆದರೆ ಸಿದ್ದ ಐದು ದಾಟಿ ಏಳಕ್ಕೆ ಬಂದರೂ ಅಲ್ಲೇ ನಿಂತಿದ್ದ.

ನಮ್ಮ ಮೇಷ್ಟ್ರು ಕೆಟ್ಟವರಲ್ಲ. ಸಿದ್ದನಿಗೆ ಅವರು ಕೊಟ್ಟ ಔಷಧಿ ಮಾತ್ರ ಒಂದೇ, ಕಾಗುಣಿತ ಬರಿ. ಇನ್ನೊಂದು ಸಲ ಬರಿ. ಅವನು ಬರೀತಿದ್ದ, ಮುತ್ತು ಪೋಣಿಸಿದ ಹಾಗೆ. ಬರೆದದ್ದನ್ನು ಓದೋಕೆ ಹೇಳಿದರೆ ಮತ್ತೆ ತಲೆ ತಗ್ಗಿಸುತ್ತಿದ್ದ. ಏಳನೇ ಕ್ಲಾಸಿನ ನಂತರ ಶಾಲೆಗೆ ಬರಲಿಲ್ಲ.

ಇಂಥ ಕಥೆ ಹೇಳಿ "ನೋಡಿ, ಆಲೆಮನೆಯಲ್ಲಿ ಎಂಥ ಬುದ್ಧಿವಂತ" ಅಂತ ಹೊಗಳಿ ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಿದ್ದ ಈಗ ತಾನೇ ಒಂದು ಆಲೆಮನೆ ಗುತ್ತಿಗೆಗೆ ಹಿಡಿದು ನಡೆಸುತ್ತಿದ್ದಾನೆ, ನಿಜ. ಆದರೆ ಬ್ಯಾಂಕಿನ ಕಾಗದ ಬಂದರೆ ಮಗಳು ಸ್ಕೂಲಿಂದ ಬರೋವರೆಗೆ ಕಾಯುತ್ತಾನೆ. ನನಗೆ ವಾಟ್ಸಾಪ್‌ನಲ್ಲಿ ಕಳಿಸೋದೆಲ್ಲ ಬರೀ ವಾಯ್ಸ್ ಮೆಸೇಜ್. ಊರು ಅವನಿಗೆ ಜಾಗ ಕೊಟ್ಟಿತು, ಶಾಲೆ ಕೊಡಲಿಲ್ಲ. ಊರು ಕೊಟ್ಟಿತಲ್ಲ ಅಂತ ಶಾಲೆಯನ್ನು ಬಿಟ್ಟುಬಿಡೋಕಾಗುತ್ತಾ?

ಬೋರ್ಡಿನ ಮುಂದೆ ನಿಲ್ಲೋದು

‘ಮನಸ್ಸಿಟ್ಟರೆ ಬರುತ್ತೆ’ ಅನ್ನೋದು ನಮ್ಮೊಬ್ಬರ ನಂಬಿಕೆಯಲ್ಲ. ಜಪಾನಿನವರೂ ಹಾಗೇ ನಂಬುತ್ತಾರೆ. 1980ರ ಸುಮಾರಿನಿಂದ ಹೆರಾಲ್ಡ್ ಸ್ಟೀವನ್‌ಸನ್, ಜೇಮ್ಸ್ ಸ್ಟಿಗ್ಲರ್ ಅನ್ನೋ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಮಿನಿಯಾಪೊಲಿಸ್, ಸೆಂಡೈ, ತೈಪೆ ಊರುಗಳ ಮಕ್ಕಳನ್ನೂ ತಾಯಂದಿರನ್ನೂ ಹೋಲಿಸಿ ನೋಡಿದ್ದರು. ಮಗು ಲೆಕ್ಕದಲ್ಲಿ ಹಿಂದಿದ್ದರೆ ಅಮೆರಿಕದ ತಾಯಿ ಹುಟ್ಟಿನಿಂದ ಬಂದ ಶಕ್ತಿಗೆ ಜಾಸ್ತಿ ತೂಕ ಕೊಡುತ್ತಿದ್ದಳು. ಜಪಾನ್, ತೈವಾನಿನ ತಾಯಿ ಇನ್ನೂ ಶ್ರಮ ಬೇಕು ಅನ್ನುತ್ತಿದ್ದಳು. ಈ ಸಾಲಿನಲ್ಲಿ ನಮ್ಮಮ್ಮನನ್ನು ನಿಲ್ಲಿಸಿದರೆ ಸೆಂಡೈನ ತಾಯಂದಿರ ಪಕ್ಕ ಆರಾಮಾಗಿ ನಿಲ್ಲುತ್ತಾರೆ.

ಆದರೆ ಸ್ಟಿಗ್ಲರ್ ಹೇಳುವ ಒಂದು ಘಟನೆ ಇದೆ. ಜಪಾನಿನ ಒಂದು ನಾಲ್ಕನೇ ಕ್ಲಾಸು. ಘನಾಕೃತಿಯನ್ನು ಕಾಗದದ ಮೇಲೆ ಬರೆಯುವ ಪಾಠ. ಒಬ್ಬ ಹುಡುಗನಿಗೆ ಬರುತ್ತಿಲ್ಲ. ಮೇಷ್ಟ್ರು ಅವನನ್ನೇ ಬೋರ್ಡಿಗೆ ಕರೆದರು. ಅಲ್ಲಿ ಬೋರ್ಡಿಗೆ ಕರೆದದ್ದು ಬಂದವನನ್ನಲ್ಲ, ಬಾರದವನನ್ನು. ಹುಡುಗ ಬರೆದ. ಸರಿಯಾಯ್ತಾ ಅಂತ ಮೇಷ್ಟ್ರು ಕ್ಲಾಸನ್ನು ಕೇಳಿದರು. ಇಲ್ಲ ಅಂತ ಎಲ್ಲರೂ ತಲೆ ಆಡಿಸಿದರು. ಮತ್ತೆ ಬರೆದ. ಮತ್ತೆ ಇಲ್ಲ. ಹಿಂದೆ ಕೂತಿದ್ದ ಸ್ಟಿಗ್ಲರ್‌ಗೆ ಬೆವರು ಬರೋಕೆ ಶುರುವಾಯಿತಂತೆ, ಹುಡುಗ ಅತ್ತುಬಿಡುತ್ತಾನೆ ಅಂತ. ಹುಡುಗ ಅಳಲಿಲ್ಲ. ಪಾಠ ಮುಗಿಯೋ ಹೊತ್ತಿಗೆ ಸರಿಯಾಗಿ ಬರೆದ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.

ನಮ್ಮಲ್ಲೂ ಬಾರದವನನ್ನೇ ಬೋರ್ಡಿಗೆ ಕರೆಯುತ್ತಿದ್ದರು. ಸಿದ್ದ ಅಲ್ಲಿ ನಿಂತ ದಿನಗಳು ನನಗೆ ನೆನಪಿವೆ. ಯಾರೂ ಚಪ್ಪಾಳೆಗೆ ಕಾಯುತ್ತಿರಲಿಲ್ಲ, ನಗೋಕೆ ಕಾಯುತ್ತಿದ್ದೆವು. ಎರಡೂ ಕಡೆ ಶ್ರಮದ ಮೇಲೇ ನಂಬಿಕೆ. ಅಲ್ಲಿ ಅವನಿಗೆ ಬರೋವರೆಗೆ ಇಡೀ ಕ್ಲಾಸು ಕಾಯಿತು. ಇಲ್ಲಿ ಶ್ರಮ ಅನ್ನೋದು ಹುಡುಗನೊಬ್ಬನೇ ತೀರಿಸಬೇಕಾದ ಸಾಲ. ನನಗೆ ದೊಡ್ಡದಾಗಿ ಕಾಣೋ ವ್ಯತ್ಯಾಸ ಇದೇ.

ಹಾಗಂತ ಜಪಾನನ್ನು ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ಎಷ್ಟು ಶ್ರಮಪಟ್ಟರೂ ಬಾರದ ಮಗುವಿಗೆ ಈ ನಂಬಿಕೆ ಕಲ್ಲಿನಷ್ಟು ಭಾರ. ಆಟಿಸಂ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ, ಕಲಿಕೆಯ ತೊಂದರೆ ಇರುವವರಿಗೆ ಬೆಂಬಲ ಕೊಡುವ ಕಾನೂನು ಅಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ಸಾಮಾನ್ಯ ಶಾಲೆಗಳಲ್ಲೂ ಇಂಥ ಮಕ್ಕಳನ್ನು ನೋಡಿಕೊಳ್ಳಬೇಕು ಅನ್ನೋ ವ್ಯವಸ್ಥೆ 2007ರಲ್ಲಿ ಬಂತು. ವರ್ಷಕ್ಕೆ ಮೂವತ್ತು ದಿನ ಅಥವಾ ಅದಕ್ಕಿಂತ ಹೆಚ್ಚು ಶಾಲೆಗೆ ಹೋಗದ ಮಕ್ಕಳ ಸಂಖ್ಯೆ ಅಲ್ಲೀಗ 3 ಲಕ್ಷ ದಾಟಿದೆ. ಅವರಲ್ಲಿ ಒಬ್ಬೊಬ್ಬರ ಕಾರಣ ಒಂದೊಂದು. ಆದರೂ ಆ ಅಂಕಿ ನೋಡಿದ ಮೇಲೆ ಚಪ್ಪಾಳೆಯ ಕಥೆಯನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು ಅನ್ನಿಸುತ್ತದೆ.

ಕಾಗದವಿಲ್ಲದೆ ಏನೂ ಸಿಗದ ಊರು

ಅಕ್ಕನ ಜೊತೆ ನನ್ನ ಜಗಳ ಇರೋದು ಅವಳ ಅಮೆರಿಕದ ಬಗ್ಗೆ. "ನೋಡು, ಇಲ್ಲಿ ಕಾನೂನಿದೆ" ಅನ್ನುತ್ತಾಳೆ. ಇದೆ, ಮತ್ತು ಅದು ದೊಡ್ಡ ಕಾನೂನೇ. 1970ರಲ್ಲಿ ಅಲ್ಲಿನ ಶಾಲೆಗಳು ಅಂಗವೈಕಲ್ಯ ಇರುವ ಐದು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಪಾಠ ಹೇಳುತ್ತಿದ್ದವು. ಉಳಿದವರಿಗೆ ಬಾಗಿಲು ಹಾಕಿತ್ತು. 1975ರ ಕಾಯ್ದೆ ಬಂದ ಮೇಲೆ ಪ್ರತಿ ಮಗುವಿಗೂ ಅದರದೇ ಒಂದು ಯೋಜನೆ ಬರೆಯಬೇಕಾಯಿತು. ಅಪ್ಪ ಅಮ್ಮ ಮೇಜಿನ ಒಂದು ಕಡೆ, ಶಾಲೆಯವರು ಇನ್ನೊಂದು ಕಡೆ ಕೂತು ಒಪ್ಪಿ ಸಹಿ ಹಾಕುತ್ತಾರೆ. ಅಕ್ಕನ ಮಗನಿಗೆ ಸಿಗುವ ಓದಿನ ಪಾಠಕ್ಕೆ ಆಧಾರ ಅದೇ. ಪ್ರತಿಭಾವಂತ ಮಕ್ಕಳಿಗೆ ಮಾತ್ರ ಇಡೀ ದೇಶಕ್ಕೆ ಒಂದು ಅಂತ ಇಂಥ ಕಡ್ಡಾಯ ಕಾನೂನಿಲ್ಲ, ಅದು ರಾಜ್ಯ ರಾಜ್ಯಕ್ಕೆ ಬೇರೆ.

ಆದರೆ ಕಾಗದದ ಮೇಲೆ ನಡೆಯುವ ಊರಿನಲ್ಲಿ ಕಾಗದ ಯಾರಿಗೆ ಸಿಗುತ್ತೆ ಅನ್ನೋದೇ ಜಗಳ. ಅಕ್ಕ ಇರುವ ಅದೇ ಟೆಕ್ಸಾಸ್‌ನಲ್ಲಿ 2004ರಿಂದ ಅಧಿಕಾರಿಗಳು ಒಂದು ಮಿತಿ ಹಾಕಿಕೊಂಡಿದ್ದರು. ವಿಶೇಷ ಶಿಕ್ಷಣ ಪಡೆಯುವ ಮಕ್ಕಳು ನೂರಕ್ಕೆ 8.5ರ ಸುಮಾರಿಗೆ ನಿಲ್ಲಬೇಕು ಅಂತ. ಮಕ್ಕಳ ತೊಂದರೆಗೂ ರೇಷನ್! ಅದು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸರ್ಕಾರ ಹೇಳಿದ್ದು 2018ರಲ್ಲಿ. ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಉಲ್ಟಾ ನಡೆದಿತ್ತು. ಬುದ್ಧಿಮಟ್ಟ ಅಳೆಯುವ ಐಕ್ಯೂ ಪರೀಕ್ಷೆ ಮಾಡಿ ಕಪ್ಪು ಜನಾಂಗದ ಮಕ್ಕಳನ್ನು ರಾಶಿ ರಾಶಿಯಾಗಿ ‘ಬುದ್ಧಿ ಕಡಿಮೆ’ ಕ್ಲಾಸುಗಳಿಗೆ ಹಾಕುತ್ತಿದ್ದರು. 1979ರಲ್ಲಿ ಕೋರ್ಟು ಅದನ್ನು ತಡೆಯಿತು.

ಜಾಣರ ಕಾಗದವೂ ಅಷ್ಟೇ. 1921ರಲ್ಲಿ ಲೂಯಿಸ್ ಟರ್ಮನ್ ಅನ್ನುವವರು ಐಕ್ಯೂ ಆಧಾರದ ಮೇಲೆ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಹುಡುಕಿ, ಅವರನ್ನು ಜೀವನಪೂರ್ತಿ ಗಮನಿಸುವ ಅಧ್ಯಯನ ಶುರು ಮಾಡಿದರು. ಪರೀಕ್ಷೆಯಲ್ಲಿ ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್ ಅನ್ನೋ ಇಬ್ಬರು ಹುಡುಗರಿದ್ದರು. ಮುಂದೆ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ಜಾಣರ ಪಾಡು

ಇಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಮೈಸೂರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಏಳುತ್ತವೆ. 625ಕ್ಕೆ 620 ದಾಟಿದ ಮಕ್ಕಳ ಮುಖ, ಕೆಳಗೆ ಶಾಲೆಯ ಫೋನ್ ನಂಬರು. ಇಷ್ಟು ಮೆರೆಸುತ್ತೇವಲ್ಲ, ಜಾಣ ಮಕ್ಕಳಿಗೆ ಕ್ಲಾಸಿನಲ್ಲಿ ಏನು ಮಾಡುತ್ತೇವೆ ಅಂತ ಕೇಳಿದರೆ ಉತ್ತರ ಇಲ್ಲ. ನನ್ನ ಟ್ಯೂಷನ್ನಿಗೆ ಒಬ್ಬಳು ಹುಡುಗಿ ಬರುತ್ತಿದ್ದಳು. ಅಧ್ಯಾಯದ ಲೆಕ್ಕವನ್ನೆಲ್ಲ ಉಳಿದವರು ಎರಡನೆಯದಕ್ಕೆ ಬರೋ ಹೊತ್ತಿಗೆ ಮುಗಿಸಿಬಿಡುತ್ತಿದ್ದಳು. ಶಾಲೆಯಲ್ಲಿ ಅವಳಿಗೆ ಎರಡು ಕೆಲಸ: ಸುಮ್ನೆ ಕೂರೋದು, ಇಲ್ಲಾಂದ್ರೆ ಬೇರೆಯವರ ನೋಟ್ಸ್ ತಿದ್ದೋದು. "ಅವಳಿಗೇನು ಮಿಸ್, ತಾನೇ ಓದ್ಕೋತಾಳೆ" ಅಂತ ಅಪ್ಪನೂ ನಿಶ್ಚಿಂತೆ. ಒಂಬತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಹೋಂವರ್ಕ್ ಬಿಟ್ಟಳು, ಅಂಕ ಇಳಿಯಿತು. ಕೂಡಲೇ ಅವಳ ಹೆಸರಿನ ಮುಂದೆ ‘ಕೊಬ್ಬು’ ಸೇರಿಕೊಂಡಿತು.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 1986ರ ಶಿಕ್ಷಣ ನೀತಿಯ ಕಾಲಕ್ಕೆ ಬಂದ ನವೋದಯ ಶಾಲೆಗಳು ಹಳ್ಳಿಯ ಜಾಣ ಮಕ್ಕಳಿಗೆ ದೊಡ್ಡ ಬಾಗಿಲು. ಮಂಡ್ಯದ ಕಡೆ ಐದನೇ ಕ್ಲಾಸಿನ ಮಕ್ಕಳ ಮನೆಗಳಲ್ಲಿ ಆ ಪರೀಕ್ಷೆಯ ಪುಸ್ತಕ ಇದ್ದೇ ಇರುತ್ತದೆ. ಆದರೆ ಒಂದು ಶಾಲೆಗೆ ವರ್ಷಕ್ಕೆ 80 ಸೀಟು. ಸಿಕ್ಕವರು ಹಾಸ್ಟೆಲ್ಲಿಗೆ ಹೋದರು, ಸಿಗದವರು ಅದೇ ಬೆಂಚಿಗೆ ವಾಪಸ್. 1963ರಿಂದ ನಡೆಯುತ್ತಿದ್ದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ 2021ರ ನಂತರ ನಿಂತೇ ಹೋಯಿತು. ನಮಗೆ ಗೊತ್ತಿರೋದು ಜಾಣರನ್ನು ಆರಿಸಿ ಬೇರೆ ಕಡೆ ಸಾಗಿಸೋದು. ಇದ್ದಲ್ಲೇ ಅವರಿಗೆ ಸಾಲುವಷ್ಟು ಪಾಠ ಕೊಡೋದು ಗೊತ್ತಿಲ್ಲ.

ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ. ಹೊರಗಿನಿಂದ ಬಂದವರನ್ನು ನಾವು ಹೆಮ್ಮೆಯಿಂದ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅವರಪ್ಪ ಇದೇ ಊರಿನ ಹೈಸ್ಕೂಲಿನ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ ಮಗ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಒಂದು ವರ್ಷ ಮನೆಯಲ್ಲಿ ಕೂತು ಓದಿದರು, ಬರೆದರು. ಆಮೇಲೆ ಮಹಾರಾಜ ಕಾಲೇಜಿನಲ್ಲಿ ಬಿಎ ಮುಗಿಸೋಕೂ ಎಲ್ಲರಿಗಿಂತ ಒಂದು ವರ್ಷ ಜಾಸ್ತಿ ಹಿಡಿಯಿತು. ಈಗಾಗಿದ್ದರೆ ಆ ಒಂದು ವರ್ಷ ಮನೆಯಲ್ಲಿ ಕೂರೋಕೆ ಯಾರು ಬಿಡುತ್ತಿದ್ದರು? ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಿ, ಫೋನ್ ಕಿತ್ತುಕೊಂಡು, ಕುಕ್ಕರಹಳ್ಳಿ ಕೆರೆ ಕಡೆ ತಲೆ ಹಾಕಬೇಡ ಅನ್ನುತ್ತಿದ್ದರು.

ಬೋಗಾದಿ ರಸ್ತೆಯ ಊರಿನಲ್ಲಿ

ಮೈಸೂರಿಗೆ ಒಂದು ವಿಚಿತ್ರ ಭಾಗ್ಯ ಇದೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇರೋದು ಇಲ್ಲೇ, ಮಾನಸಗಂಗೋತ್ರಿಯ ಪಕ್ಕದಲ್ಲಿ. ಬೇರೆ ರಾಜ್ಯಗಳಿಂದ ಅಪ್ಪ ಅಮ್ಮಂದಿರು ಮಗುವನ್ನು ಎತ್ತಿಕೊಂಡು ಬರುತ್ತಾರೆ. ಕನ್ನಡದ ಮಕ್ಕಳ ಮಾತು, ಓದನ್ನು ಕನ್ನಡದಲ್ಲೇ ಪರೀಕ್ಷಿಸೋ ಸಾಧನಗಳನ್ನು ಇಲ್ಲಿ ಮಾಡಿದ್ದಾರೆ. ಇದು ಸಣ್ಣ ಮಾತಲ್ಲ. ಇಂಗ್ಲಿಷಿನ ಪರೀಕ್ಷೆಯಲ್ಲಿ ಎಡವಿದ ಮಗುವಿಗೆ ತೊಂದರೆ ಇರೋದು ಓದಿನಲ್ಲೋ, ಮನೆಯಲ್ಲಿ ಯಾರೂ ಮಾತಾಡದ ಭಾಷೆಯಲ್ಲೋ ಅಂತ ಹೇಗೆ ಹೇಳೋದು? ಅಕ್ಷರ ಒಂದು, ಉಚ್ಚಾರ ಇನ್ನೊಂದು ಅನ್ನೋ ಇಂಗ್ಲಿಷಿನಲ್ಲಿ ಕನ್ನಡ ಸರಾಗವಾಗಿ ಓದುವ ಮಕ್ಕಳೂ ಮುಗ್ಗರಿಸುತ್ತಾರೆ. ಟ್ಯೂಷನ್ನಿನಲ್ಲಿ ದಿನಾ ನೋಡುತ್ತೇನೆ.

ಇಷ್ಟು ಹತ್ತಿರ ಇದ್ದೂ ನಮ್ಮವರು ಆ ಗೇಟಿನ ಒಳಗೆ ಹೋಗೋದು ಕದ್ದುಮುಚ್ಚಿ. ಕುವೆಂಪುನಗರದಿಂದ ಬರುವ ಏಳನೇ ಕ್ಲಾಸಿನ ಹುಡುಗನ ತಾಯಿ ಒಂದು ಸಂಜೆ ಎಲ್ಲ ಮಕ್ಕಳೂ ಹೋದ ಮೇಲೆ ಉಳಿದರು. ತರಕಾರಿ ಚೀಲದಿಂದ ಸೊಪ್ಪು ತೆಗೆದಿಟ್ಟು, ಅದರ ಕೆಳಗಿನಿಂದ ಒಂದು ಫೈಲ್ ಎತ್ತಿದರು. ಪ್ಲಾಸ್ಟಿಕ್ ಕವರ್, ಅದಕ್ಕೆ ಮತ್ತೊಂದು ಕವರ್. "ಮಿಸ್, ಯಾರಿಗೂ ಹೇಳ್ಬೇಡಿ. ಟೆಸ್ಟ್ ಮಾಡಿಸಿದೀವಿ. ಕಲಿಕೆಯ ತೊಂದ್ರೆ ಇದೆ ಅಂದ್ರು." ಸ್ಕೂಲಿಗೆ ಕೊಟ್ಟಿದ್ದೀರಾ ಅಂದೆ. "ಅಯ್ಯೋ ಇಲ್ಲ ಮಿಸ್. ನಮ್ಮ ನಾದಿನಿಗೆ ಗಂಡು ನೋಡ್ತಾ ಇದೀವಿ. ಮನೇಲಿ ಏನೋ ಇದೆ ಅಂತ ಮಾತು ಬಂದ್ರೆ ಮುಗೀತು. ಅದೂ ಅಲ್ದೆ ಹಿಂದಿನ ಸ್ಕೂಲಲ್ಲಿ ಬಾಯಿಬಿಟ್ಟಿದ್ದಕ್ಕೇ, ನಮ್ಮಲ್ಲಿ ಇದಕ್ಕೆಲ್ಲ ಫೆಸಿಲಿಟಿ ಇಲ್ಲ, ಬೇರೆ ಕಡೆ ನೋಡ್ಕೊಳ್ಳಿ ಅಂದ್ರು."

ಕಾನೂನು ಅವರ ಕಡೆ ಇದೆ. 1995ರ ಕಾಯ್ದೆಯಲ್ಲಿ ಹೆಸರೇ ಇಲ್ಲದಿದ್ದ ಕಲಿಕಾ ತೊಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದಾಗಿ ಸೇರಿತು. ಪರೀಕ್ಷೆಗೆ ಹೆಚ್ಚು ಸಮಯ, ಬರೆದುಕೊಡೋಕೆ ಒಬ್ಬರು, ಇಂಥ ಸೌಲಭ್ಯಗಳಿವೆ. ಇದರಿಂದಲೇ ಒಂದು ತಮಾಷೆ ನಡೆಯುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಕಾಗದ ಹತ್ತನೇ ಕ್ಲಾಸು ಬಂದ ಕೂಡಲೇ ಹೊರಗೆ ಬರುತ್ತದೆ. ಆಗ ಅದು ಅಂಕಕ್ಕೆ ಉಪಯೋಗ. ಮೂರನೇ ಕ್ಲಾಸಿನಲ್ಲೇ ಬಂದಿದ್ದರೆ ಓದು ಕಲಿಯೋಕೆ ಉಪಯೋಗ ಆಗುತ್ತಿತ್ತು.

ಅಕ್ಕನ ಮಾತು, ಎಲ್ಲರೂ ಧೈರ್ಯ ಮಾಡಿ ಕಾಗದ ಕೊಡಬೇಕು. ನನಗೆ ಹಾಗನ್ನಿಸಲ್ಲ. ಆ ತಾಯಿಯ ಹೆದರಿಕೆ ಸುಳ್ಳಲ್ಲ, ಗಂಡಿನ ಕಡೆಯವರು ನಿಜವಾಗಲೂ ಹಾಗೆ ಮಾತಾಡುತ್ತಾರೆ. ಧೈರ್ಯ ಇದ್ದವರ ಮಕ್ಕಳಿಗೆ ಮಾತ್ರ ಓದು ಅನ್ನೋದು ಯಾವ ನ್ಯಾಯ? ನನಗೆ ಹಿಡಿಸೋದು ಫಿನ್‌ಲ್ಯಾಂಡಿನವರ ದಾರಿ. ಅಲ್ಲಿ ಓದು ಎಡವುತ್ತಿದೆ ಅಂತ ಟೀಚರಿಗೆ ಕಂಡರೆ ಸಾಕು, ಡಾಕ್ಟರ ಕಾಗದಕ್ಕೆ ಕಾಯದೆ ವಿಶೇಷ ಶಿಕ್ಷಕರು ವಾರಕ್ಕೆ ಸ್ವಲ್ಪ ಹೊತ್ತು ಪಾಠ ಹೇಳುತ್ತಾರೆ. ಕ್ಲಾಸಿನ ಐದರಲ್ಲಿ ಒಬ್ಬರಾದರೂ ಹೀಗೆ ಹೋಗಿ ಬರುತ್ತಾ ಇದ್ದರೆ, ಹೋದವನನ್ನು ಆಡಿಕೊಳ್ಳೋರು ಯಾರು? ನಾಲ್ಕು ಜನ ಇದ್ದ ಕಡೆ ಒಬ್ಬನನ್ನೇ ಎಬ್ಬಿಸಿದಾಗಲೇ ಅದು ಅವಮಾನ.

ನಮಗೆ ಅಷ್ಟು ಟೀಚರು ಎಲ್ಲಿಂದ ಬರಬೇಕು ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಅಂಗವಿಕಲ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಪಾಠ ಹೇಳುತ್ತಾರೆ. ಆದರೆ ಅವರು ಬೆರಳೆಣಿಕೆಯಷ್ಟು, ಶಾಲೆಗಳು ನೂರಾರು. ಸಿದ್ದನಂಥವನಿಗೆ ಅವರು ಸಿಗೋದು ಕಷ್ಟ, ಯಾಕಂದ್ರೆ ಅವನು ನಡೀತಾನೆ, ಮಾತಾಡ್ತಾನೆ, ಬೆಲ್ಲದ ಹದ ನೋಡ್ತಾನೆ. ತೊಂದರೆ ಇದೆ ಅಂತ ಯಾರ ಕಣ್ಣಿಗೂ ಬೀಳಲ್ಲ. ಹತ್ತಿರದ ಕೆಲವು ಶಾಲೆಗಳು ಸೇರಿದ ಕ್ಲಸ್ಟರಿಗೆ ಒಬ್ಬರು, ಕಾಗದ ಕೇಳದ ಒಬ್ಬರು ಟೀಚರ್ ಇದ್ದರೂ ಬಹಳ ಆಗುತ್ತಿತ್ತು. ಲೆಕ್ಕ ಮೊದಲೇ ಮುಗಿಸಿ ಸುಮ್ನೆ ಕೂತ ಹುಡುಗಿಗೂ ಅವರೇ ಒಂದು ಕಷ್ಟದ ಲೆಕ್ಕ ಕೊಡಬಹುದಿತ್ತು. "ಕಾಗದ ಇಲ್ಲದೆ ದುಡ್ಡು ಯಾರು ಕೊಡ್ತಾರೆ?" ಅಂತಾಳೆ ಅಕ್ಕ. ಆ ಪ್ರಶ್ನೆಯಲ್ಲಿ ಮಾತ್ರ ಅವಳೇ ಗೆಲ್ಲೋದು.

ಕುವೆಂಪುನಗರದ ತಾಯಿಗೆ ಸದ್ಯಕ್ಕೆ ಹೇಳಿರೋದು ಇಷ್ಟು. ಫೈಲನ್ನು ಆಫೀಸಿಗೆ ಕೊಡೋದು ಬೇಡ, ಕ್ಲಾಸ್ ಟೀಚರಿಗೆ ಮಾತ್ರ ತೋರಿಸಿ. ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ, ಪ್ರಶ್ನೆಯನ್ನು ಬಾಯಲ್ಲಿ ಕೇಳಿ ನೋಡಿ ಅಂತ ಎರಡೇ ಮಾತು ಕೇಳಿಕೊಳ್ಳಿ. ಅವರು ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ. ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಯಾರು ಟೀಚರ್ ಬರುತ್ತಾರೋ ನೋಡಿಕೊಂಡು ತೀರ್ಮಾನ ಮಾಡುತ್ತಾರಂತೆ.